ಬಾಸೆಲ್ ಪಟ್ಟಣದಲ್ಲಿ ನಾಲ್ಕು ದಿವಸ

ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಿಕೆಯ ಲೇಖನವೊಂದು ಇರತಕ್ಕದ್ದೆಂಬದು ನಮ್ಮ ಶಾಲೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಹಿಂದಿನ ಸಂಚಿಕೆಗಳಲ್ಲಿ ನಾವು ಸಮಯಪಾಲನೆ, ಶುಚಿತ್ವ, ಮಿತವ್ಯಯ ಮೊದಲಾದ ವಿಷಯಗಳನ್ನು ಕುರಿತು ಬರೆದೆವು. ಅವುಗಳನ್ನು ಎಷ್ಟು ಜನ ಓದಿದರೆಂಬದನ್ನು ವಿಚಾರಿಸುವ ಧೈರ್ಯವು ನಮಗೆ ಆಗಲಿಲ್ಲ. ಈ ಸಾರೆ ಹತ್ತನೆಯ ಇಯತ್ತೆಯ ಹುಡುಗಿಯರು ತಾವಾಗಿಯೇ ನಮ್ಮ ಕೋಣೆಗೆ ಬಂದು, “ನೀವು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೀರಲ್ರಿ ಟೀಚರ್, ಅದನ್ನ ಬರೀರಿ” ಎಂದು ಕೇಳಿಕೊಂಡರು. ಅವರ ಮನಸ್ಸಿನಲ್ಲಿದ್ದವು ಹಿಮದ ಪರ್ವತಗಳು. ಪ್ರಿಯ ವಿದ್ಯಾರ್ಥಿನಿಯರೇ, ನಾವು ಹಿಮದ ಹತ್ತಿರಕ್ಕೂ ಹೋಗಲಿಲ್ಲ. ನಾಲ್ಕು ದಿವಸ ಒಂದೇ ಪಟ್ಟಣದಲ್ಲಿ, ಒಬ್ಬ ವೃದ್ಧ ದಂಪತಿಗಳ ಮನೆಯಲ್ಲಿ ಉಂಡು ತಿರುಗಾಡಿ ಬಂದೆವು. ಅದನ್ನೇ ಬರೆಯುತ್ತೇವೆ, ನಿಮಗೆ ನಿರಾಶೆಯಾದರೆ ಕ್ಷಮಿಸಬೇಕು.

2023ನೆಯ ಇಸವಿಯ ಮೇ ತಿಂಗಳಲ್ಲಿ, ಬೇಸಿಗೆಯ ರಜೆಯಲ್ಲಿ, ನಾವೂ ನಮ್ಮ ಯಜಮಾನರೂ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕೆಲಸದಲ್ಲಿರುವ ನಮ್ಮ ಅಣ್ಣನ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ಬಾಸೆಲ್ ಕೆಲವೇ ತಾಸುಗಳ ಉಗಿಬಂಡಿಯ ಹಾದಿ. (ಅಲ್ಲಿ ಈಗ ಉಗಿಯೂ ಇಲ್ಲ, ಹೊಗೆಯೂ ಇಲ್ಲ, ಆದರೂ ನಮ್ಮ ಅಜ್ಜಿಯವರ ಶಬ್ದವನ್ನು ಬಿಡಲು ಮನಸ್ಸಾಗದು.) ಬಾಸೆಲ್ ಎಂಬ ಹೆಸರನ್ನು ನಾವು ಬಾಲ್ಯದಲ್ಲಿ ರವಿವಾರ ಶಾಲೆಯಲ್ಲಿ ಯೆರೂಸಲೇಮ್, ಬೇತ್ಲೆಹೇಮ್ ಎಂಬ ಹೆಸರುಗಳ ಜೊತೆಗೇ ಕೇಳಿ ಬೆಳೆದವರು. 1815ರಲ್ಲಿ ಅಲ್ಲಿ ಮಿಶನ್ ಸ್ಥಾಪನೆಯಾಯಿತು. 1834ರಲ್ಲಿ ಅದರ ಮೊದಲಿನ ಮೂವರು ಬೋಧಕರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ನಮ್ಮ ಬೆಟಗೇರಿಗೂ ಅವರ ಕೆಲಸವು ಹಬ್ಬಿತು. ಈ ಇಸವಿಗಳನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಇಷ್ಟೆಲ್ಲ ಇದ್ದರೂ ಆ ಊರು ಭೂಪಟದ ಮೇಲೆ ನಿಜವಾಗಿ ಇದೆಯೆಂದೂ ಅಲ್ಲಿ ಜನರು ಉಣ್ಣುತ್ತಾರೆ, ಮಲಗುತ್ತಾರೆಂದೂ ಒಳಮನಸ್ಸಿಗೆ ಎಂದೂ ಹೊಳೆದಿರಲಿಲ್ಲ.

ನಮ್ಮನ್ನು ಕರೆದವರು ಒಬ್ಬ ನಿವೃತ್ತ ಶಿಕ್ಷಕಿಯರು. 2008ರಲ್ಲಿ ಅವರ ಸಭೆಯ ಕೆಲವರೊಡನೆ ನಮ್ಮ ಸೀಮೆಯನ್ನು ನೋಡಲು ಬಂದಾಗ ಅವರು ಶಿರಹಟ್ಟಿಯಲ್ಲಿ ನಮ್ಮ ತಾಯಿಯವರ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿದ್ದರು. ಅಂದಿನಿಂದ ಒಂದು ಕ್ರಿಸ್ಮಸ್ ಹಬ್ಬವೂ ತಪ್ಪದಂತೆ ಪತ್ರ ಬರೆಯುತ್ತ ಬಂದಿದ್ದಾರೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುವದನ್ನು ನೋಡಿ ಅವರಿಗೆ ಬಹಳ ಸೋಜಿಗವಾಗಿತ್ತು. ಪ್ರತಿಯೊಂದು ಪತ್ರದಲ್ಲಿಯೂ ಆ ಮಠವನ್ನು ವಿಚಾರಿಸುವರು. ಊಟದ ಸಂಗತಿಯನ್ನು ಮಾತ್ರ ಯಾವ ಪತ್ರದಲ್ಲಿಯೂ ಎತ್ತಿರಲಿಲ್ಲ. ಅದರ ಕಾರಣವು ನಮಗೆ ಹದಿನೈದು ವರ್ಷಗಳ ತರುವಾಯ ತಿಳಿಯಿತು.

ಬುಧವಾರ ಸಾಯಂಕಾಲ ಬಾಸೆಲ್ಲಿನಲ್ಲಿ ಇಳಿದೆವು. ನಾವು ಇಳಿದ ಸ್ಟೇಶನ್ನು ಜರ್ಮನಿಯವರದು, ಅದು ನಿಂತ ನೆಲ ಸ್ವಿಸ್ ಜನರದು; ಊರ ಅಂಚಿಗೆ ಫ್ರಾನ್ಸಿನ ಗಡಿಯೂ ಉಂಟು. ಆತಿಥೇಯರಾದ ಹಿರಿಯರು ಕೈಯಲ್ಲಿ ಟೊಪ್ಪಿಗೆ ಹಿಡಿದು ನಮ್ಮನ್ನು ಕಾದಿದ್ದರು. ಹಸಿರು ಬಣ್ಣದ ಟ್ರಾಮಿನಲ್ಲಿ ಅವರ ಮನೆಯನ್ನು ಸೇರಿದೆವು. ಆ ಮಾತೆಯು ಬಾಗಿಲಲ್ಲಿ ನಮ್ಮ ಕೈ ಹಿಡಿದುಕೊಂಡು “ನಮಸ್ಕಾರ” ಎಂದು ಕನ್ನಡದಲ್ಲಿಯೇ ಹೇಳಿದರು. ಮುಂದಿನ ಮಾತೆಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು.

ಆರೂವರೆ ಗಂಟೆಗೆ ಊಟ. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರ ವರೆಗೆ ಬೆಳಕಿರುವದರಿಂದ ನಮಗೆ ಅದು ಮಧ್ಯಾಹ್ನದ ಚಹದ ಹೊತ್ತಿನಂತೆ ತೋರಿತು. ಆ ತಿಂಗಳಲ್ಲಿ ಬಿಳಿಯ ಆಸ್ಪರಾಗಸ್ಸಿನ ಸುಗ್ಗಿ. ಜೂನ್ 24ರ ಯೋಹಾನನ ಹಬ್ಬಕ್ಕೆ ಅದರ ಕೊಯ್ಲು ಮುಗಿಯುವದೆಂದು ಹೇಳಿದರು. ನಮ್ಮಲ್ಲಿಯ ಶತಾವರಿಯ ಬಳಗದ ಗಿಡವದು. ಮಣ್ಣನ್ನು ಏರಿಸಿ ಬಿಸಿಲು ತಾಕದಂತೆ ಬೆಳೆಸುವದರಿಂದ ದಂಟು ಹಸಿರಾಗದೆ ಬೆಳ್ಳಗಿರುತ್ತದೆ. ಅದನ್ನು ಬೇಯಿಸಿ, ಬೆಣ್ಣೆಯಲ್ಲಿ ಮಾಡಿದ ಹಳದಿಯ ಗೊಜ್ಜನ್ನು ಮೇಲೆ ಹಾಕಿ, ಬೆಂದ ಸಣ್ಣ ಆಲೂಗಡ್ಡೆಗಳೊಡನೆ ಬಡಿಸಿದರು. ನಮ್ಮ ಪಾಲಿಗೆ ಐದು ದಂಟು, ನಾಲ್ಕು ಆಲೂಗಡ್ಡೆ. ರುಚಿಯು ಮೃದುವಾದದ್ದು, ಹಸಿಮೆಣಸಿನಕಾಯಿ ಕಂಡ ನಾಲಿಗೆಗೆ ಅದನ್ನು ಗುರುತಿಸಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು, ಗುರುತಿಸಿದ ಮೇಲೆ ಬಹಳ ಹಿಡಿಸಿತು. ತಾಟುಗಳು ಬರಿದಾದವು. ಆ ಮಾತೆಯು ಪಾತ್ರೆಯನ್ನು ಎತ್ತಿ, “ಇನ್ನಷ್ಟು ಹಾಕಲೇ?” ಎಂದು ಕೇಳಿದರು. ನಮ್ಮ ಯಜಮಾನರು ತಾಟನ್ನು ಮುಂದಕ್ಕೆ ಸರಿಸಬೇಕೆಂದಿದ್ದರು. ನಾವು ಅವರ ಕಡೆಗೆ ಒಂದು ನೋಟ ನೋಡಿದೆವು. ಇಬ್ಬರೂ ಏಕಕಂಠದಿಂದ, “ಬೇಡಿ, ಸಾಕಾಯಿತು, ಉಪಕಾರ” ಎಂದೆವು.

ಅವರು “ಆಗಲಿ” ಎಂದು ನಸುನಕ್ಕು ಪಾತ್ರೆಯನ್ನು ಅಡಿಗೆಯ ಮನೆಗೆ ತೆಗೆದುಕೊಂಡು ಹೋದರು. ಅದು ಮತ್ತೆ ಬರಲಿಲ್ಲ.

ನಮ್ಮ ಶಿರಹಟ್ಟಿ ಸೀಮೆಯಲ್ಲಿ ಅತಿಥಿಯು ಮೊದಲನೆಯ ಸಾರೆ ಹೇಳುವ ‘ಸಾಕು’ ಎಂಬ ಮಾತಿಗೆ ಅರ್ಥವೇ ಇಲ್ಲ. ಅದು ಬರಿಯ ಮರ್ಯಾದೆ. ಎರಡನೆಯ ಸಾರೆ “ಸಾಕ್ರಿ, ಹೊಟ್ಟಿ ತುಂಬೇತಿ” ಎಂದರೆ ಮನೆಯಾಕೆಯು ಅರ್ಧ ರೊಟ್ಟಿಯನ್ನಾದರೂ ಹಾಕುವಳು. ಮೂರನೆಯ ಸಾರೆ ಅತಿಥಿಯು ತಾಟಿನ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದು ಬಾಗಿದಾಗ ಬೆರಳುಗಳ ಸಂದಿನಿಂದಲೇ ಒಂದು ಸೌಟು ಪಲ್ಯ ಇಳಿಯುವದುಂಟು. ಒಂದೇ ಸಾರೆ ಕೇಳಿ ಸುಮ್ಮನಾಗುವ ಮನೆಯನ್ನು ಓಣಿಯವರು ಮರೆಯುವದಿಲ್ಲ. ಮಮ್ರೆಯ ತೋಪಿನಲ್ಲಿ ಅಬ್ರಹಾಮನು ಆ ಮೂವರು ಪಯಣಿಗರಿಗೆ ತುಸು ರೊಟ್ಟಿ ತರುವೆನೆಂದು ಹೇಳಿ ಎಳೆಗರುವನ್ನೇ ಕೊಯ್ಸಿ ಅಡಿಗೆ ಮಾಡಿಸಿದನಲ್ಲವೇ? ನಮ್ಮ ತಾಯಿಯವರು ಅದೇ ಮನೆತನಕ್ಕೆ ಸೇರಿದವರು.

ರಾತ್ರಿ ಹನ್ನೊಂದಕ್ಕೆ ಹಸಿವೆಯು ಎಬ್ಬಿಸಿತು. ನಮ್ಮ ಪೆಟ್ಟಿಗೆಯಲ್ಲಿ ಆತಿಥೇಯರಿಗೆಂದು ತಂದ ಕಟಕ ರೊಟ್ಟಿಯ ಗಂಟು ಇತ್ತು. ಮರುದಿನ ಮುಂಜಾನೆ ಕೊಡಬೇಕೆಂದು ಇಟ್ಟಿದ್ದೆವು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕಾಣಿಕೆಯ ಗಂಟನ್ನು ಬಿಚ್ಚಬಾರದೆಂದು ನಾವು ಕಾಲು ತಾಸು ವಾದಿಸಿದೆವು. ನಮ್ಮ ಯಜಮಾನರು ವಾದಿಸದೆ ಬಿಚ್ಚಿದರು. ಕಟಕ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವ ಉಪಾಯವನ್ನು ಮನುಷ್ಯರು ಇನ್ನೂ ಕಂಡುಹಿಡಿದಿಲ್ಲ. ಆ ನಿಶ್ಶಬ್ದವಾದ ಮನೆಯಲ್ಲಿ ಒಂದೊಂದು ಮುರುಕೂ ಒಣಕಟ್ಟಿಗೆ ಮುರಿದಂತೆ ಕೇಳಿಸಿತು. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಬೋರ್ಡಿಂಗಿನಲ್ಲಿ ಕದ್ದು ತಿನ್ನುವ ಹುಡುಗಿಯರಂತೆ, ನಾಲ್ಕು ರೊಟ್ಟಿಗಳನ್ನು ಮುಗಿಸಿದೆವು. ಇಪ್ಪತ್ತು ವರ್ಷ ಇಂಥ ಹುಡುಗಿಯರಿಗೆ ಶಿಕ್ಷೆ ವಿಧಿಸಿದವರು ನಾವು.

ಮುಂಜಾನೆ ಮುಚ್ಚಿಡುವಂತಿರಲಿಲ್ಲ. ಬಿಳಿಯ ಹಾಸಿಗೆಯ ಮೇಲೆಲ್ಲ ರೊಟ್ಟಿಯ ಚೂರು. ಬಿಚ್ಚಿದ ಗಂಟನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆವು. ಆ ಮಾತೆಯು ಕುರ್ಚಿಯ ಮೇಲೆ ಕುಳಿತುಬಿಟ್ಟರು, ನಕ್ಕರು, ಕಣ್ಣೊರಸಿಕೊಂಡರು. ಆಮೇಲೆ 2008ರ ಶಿರಹಟ್ಟಿಯ ಊಟದ ಕಥೆಯು ಹೊರಗೆ ಬಂತು.

ಅವರಿಗೆ ಬಾಲ್ಯದಿಂದ ಕಲಿಸಿದ್ದೇನಂದರೆ, ತಾಟಿನಲ್ಲಿ ಹಾಕಿದ್ದನ್ನು ಬಿಡಬಾರದು. ಶಿರಹಟ್ಟಿಗೆ ಬರುವ ಮುಂಚೆ ಯಾರೋ ಅವರಿಗೆ ಒಂದೇ ಒಂದು ಕನ್ನಡ ಶಬ್ದವನ್ನು ಕಲಿಸಿಕೊಟ್ಟಿದ್ದರು: ಬೇಡವಾದಾಗ ‘ಸಾಕು’ ಎನ್ನಬೇಕು. ಒಂದು ರೊಟ್ಟಿ ತಿಂದು ‘ಸಾಕು’ ಎಂದರಂತೆ. ನಮ್ಮ ತಾಯಿಯವರು ಇನ್ನೊಂದು ಹಾಕಿದರು. ಬಿಡಬಾರದೆಂದು ಅದನ್ನೂ ತಿಂದು ‘ಸಾಕು, ಸಾಕು’ ಎಂದರು. ರೊಟ್ಟಿಯೊಡನೆ ಎಣ್ಣೆಗಾಯಿ ಬದನೆಯೂ ಬಂತು. ತಾಟು ಬರಿದಾಯಿತೆಂದು ಮತ್ತೆ ಬಡಿಸಿದರು. ಬಡಿಸಿದರೆಂದು ಇವರು ಮತ್ತೆ ತಿಂದರು. ಐದನೆಯ ರೊಟ್ಟಿಗೆ ಅವರಿಗೆ ಒಂದು ಅನುಮಾನ ಬಂತಂತೆ: ‘ಸಾಕು’ ಎಂದರೆ ಕನ್ನಡದಲ್ಲಿ ‘ಇನ್ನಷ್ಟು ಕೊಡಿರಿ’ ಎಂದೇ ಅರ್ಥವಿರಬೇಕು! ಶೇಂಗಾ ಹೋಳಿಗೆಯು ಬಂದ ಮೇಲೆ ಅವರು ಮಾತಾಡುವದನ್ನೇ ಬಿಟ್ಟರು. ಆ ರಾತ್ರಿ ಬಹಳ ಸಂಕಟಪಟ್ಟು, ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತ ಯಾರಿಗೂ ಬೇಡವೆಂದ ಮೇಲೆ ಒಂದು ಚಮಚವನ್ನೂ ಹೆಚ್ಚು ಹಾಕಬಾರದೆಂದು ನಿಶ್ಚಯ ಮಾಡಿದರು. ನಮ್ಮಿಂದ ಪಾತ್ರೆಯನ್ನು ಅಷ್ಟು ಬೇಗನೆ ಒಯ್ದದ್ದು ಆ ನಿಶ್ಚಯದಿಂದಲೇ. ನಮ್ಮ ಮೇಲಣ ದಯೆಯಿಂದಲೇ.

ನಗೆಯು ನಿಂತ ಮೇಲೆ ಅವರು ನಮ್ಮ ಕೈಯ ಮೇಲೆ ಕೈಯಿಟ್ಟು, “ಹಸಿವೆಯಿದ್ದರೆ ಕೇಳಬಹುದಾಗಿತ್ತಲ್ಲ?” ಎಂದರು. ನಮ್ಮ ಯಜಮಾನರು ಇನ್ನೂ ನಗುತ್ತಿದ್ದರು. ನಮಗೆ ನಗುವದಾಗಲಿಲ್ಲ. ಯಾಕಂದರೆ ಆ ಮಾತನ್ನು, ಅದೇ ಶಬ್ದಗಳಲ್ಲಿ, ಒಂದು ಸಾರೆ ನಾವೇ ಆಡಿದ್ದೆವು.

2012ರ ಜೂನ್ ತಿಂಗಳಲ್ಲಿ ನಾವು ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲಿದ್ದಾಗ ಮುಂಡರಗಿ ತಾಲೂಕಿನ ಒಂದು ಹಳ್ಳಿಯಿಂದ ಎಂಟನೆಯ ಇಯತ್ತೆಗೆ ಒಬ್ಬ ಹುಡುಗಿ ಬಂದಳು. ಅನ್ನವನ್ನು ತಿಪ್ಪೆಗೆ ಚೆಲ್ಲುವದನ್ನು ಕಂಡು ಬೇಸತ್ತು ನಾವು ಆ ವರ್ಷ ಒಂದು ಹೊಸ ನಿಯಮ ಮಾಡಿದ್ದೆವು: ಪಂಕ್ತಿಯಲ್ಲಿ ಒಂದೇ ಸಾರೆ ನೀಡುವದು, ಎರಡನೆಯ ಸಾರೆ ಕೇಳಿದವರಿಗೆ ಮಾತ್ರ ಕೊಡುವದು. ಖರ್ಚು ಕಡಿಮೆಯಾಯಿತು, ಆಡಳಿತ ಮಂಡಳಿಯವರು ನಮ್ಮನ್ನು ಹೊಗಳಿದರು. ಆ ಹುಡುಗಿಯು ನೀಡುವವರು ಬಂದಾಗಲೆಲ್ಲ ತಾಟಿಗೆ ಕೈ ಅಡ್ಡ ಹಿಡಿದು, ತಲೆ ತಗ್ಗಿಸಿ, “ಸಾಕ್ರಿ” ಎನ್ನುತ್ತಿದ್ದಳಂತೆ. ಎರಡನೆಯ ಸಾರೆ ಎಂದೂ ಕೇಳಲಿಲ್ಲ. ಮೂರು ವಾರಗಳಾದ ಮೇಲೆ ಒಂದು ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಕಣ್ಣು ಕತ್ತಲೆಗೂಡಿ ಬಿದ್ದಳು. ದವಾಖಾನೆಯಲ್ಲಿ ನೋಡಿದವರು ಬೇನೆ ಏನೂ ಇಲ್ಲ, ಹುಡುಗಿ ಸರಿಯಾಗಿ ಉಂಡಿಲ್ಲವೆಂದರು. ನಾವು ಅವಳನ್ನು ಎದುರಿಗೆ ಕರೆದು ಕುಳ್ಳಿರಿಸಿ, ಸಿಟ್ಟಿನಿಂದಲೇ, “ಹಸಿವೆಯಿದ್ದರೆ ಕೇಳಬಹುದಾಗಿತ್ತಲ್ಲ?” ಎಂದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಯಾರೂ ಇನ್ನೊಮ್ಮೆ ಅನ್ನಲಿಲ್ರಿ” ಎಂದಳು. ಅದನ್ನು ನಾವು ಮೊಂಡುತನವೆಂದೇ ಎಣಿಸಿದೆವು. ಆ ವಾರದಲ್ಲಿ ಅವಳ ತಂದೆಯು ಬಂದು ಟ್ರಂಕನ್ನು ಹೊತ್ತುಕೊಂಡು ಮಗಳನ್ನು ಕರೆದೊಯ್ದನು. ಅವಳು ಮರಳಿ ಬರಲಿಲ್ಲ. ಬೇರೆ ಶಾಲೆಗೂ ಹೋಗಲಿಲ್ಲವೆಂದು ನಂತರ ಕೇಳಿದೆವು.

ನಿಯಮವನ್ನು ನಾವು ಬದಲಿಸಲಿಲ್ಲ. ಅದು ಹನ್ನೊಂದು ವರ್ಷ ನಡೆಯಿತು.

ಈ ಸಂಗತಿಯನ್ನು ಬಾಸೆಲ್ಲಿನ ಆ ಮೇಜಿನ ಮುಂದೆ ನಾವು ಹೇಳಲಿಲ್ಲ. ಹೊರಗೆ ಬಿಸಿಲು ಒಳ್ಳೇದಾಗಿತ್ತು. ಊರು ನೋಡಲಿಕ್ಕೆ ಹೊರಟೆವು.

ಊರಿನ ನಡುವೆ ರೈನ್ ನದಿಯು ಬಾಗಿ ಉತ್ತರಕ್ಕೆ ತಿರುಗುತ್ತದೆ. ದಂಡೆಯ ಮೇಲಣ ಎತ್ತರದಲ್ಲಿ ಕೆಂಪು ಕಲ್ಲಿನ ಮಹಾದೇವಾಲಯ. 1356ರ ಭೂಕಂಪದಲ್ಲಿ ಬಹಳ ಭಾಗ ಬಿದ್ದದ್ದನ್ನು ಮತ್ತೆ ಎತ್ತಿಸಿದ್ದು. ಅದರೊಳಗೆ 1536ರಲ್ಲಿ ತೀರಿಕೊಂಡ ಎರಾಸ್ಮಸ್ ಪಂಡಿತನ ಸಮಾಧಿ ಉಂಟು. ದೇವಾಲಯದ ಕೆಳಗೆ ದೋಣಿಯ ಕಡವು. ಆ ದೋಣಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ನದಿಗೆ ಅಡ್ಡಲಾಗಿ ಮೇಲೆ ಒಂದು ತಂತಿಯನ್ನು ಬಿಗಿದು ಅದಕ್ಕೆ ದೋಣಿಯನ್ನು ಉದ್ದವಾದ ಹಗ್ಗದಿಂದ ಕಟ್ಟಿರುತ್ತಾರೆ. ನಾವಿಕನು ಚುಕ್ಕಾಣಿಯನ್ನು ಓರೆ ಮಾಡಿದರೆ ಪ್ರವಾಹದ ಒತ್ತಡವೇ ಅದನ್ನು ಆಚೆಯ ದಂಡೆಗೆ ಸರಿಸುವದು. ಹಾಗೆ ನಾಲ್ಕು ಕಡವುಗಳಿವೆ. ನಮ್ಮ ವಿಜ್ಞಾನ ಶಿಕ್ಷಕಿಯರು ಬಲಗಳ ಪಾಠದಲ್ಲಿ ಇದನ್ನು ಹೇಳಬೇಕೆಂದು ಅಲ್ಲಿಯೇ ಬರೆದುಕೊಂಡೆವು. ಇನ್ನೊಂದು ವಿನೋದ: 1798ರ ವರೆಗೆ ಈ ಊರಿನ ಗಡಿಯಾರಗಳೆಲ್ಲ ನೆರೆಯ ಊರುಗಳಿಗಿಂತ ಒಂದು ತಾಸು ಮುಂದೆ ನಡೆಯುತ್ತಿದ್ದವಂತೆ. ತಡವಾಗಿ ಬರುವ ನಮ್ಮ ಕೆಲವು ವಿದ್ಯಾರ್ಥಿನಿಯರಿಗೆ ಆ ಗಡಿಯಾರವು ಬೇಕಾಗಿತ್ತು.

ಓಣಿ ಓಣಿಗೆ ಕಲ್ಲಿನ ಕಾರಂಜಿಗಳು, ಹಗಲಿರುಳು ಕುಡಿಯುವ ನೀರು. ಬೇಸಿಗೆಯಲ್ಲಿ ನಲ್ಲಿಗೆ ನೀರು ಬರುವ ದಿನವನ್ನು ಎಣಿಸುತ್ತ ಕೊಡ ಹಿಡಿದು ಕಾದ ಗದಗ-ಬೆಟಗೇರಿಯವರು ನಾವು. ಮೊದಲನೆಯ ದಿವಸ ಪ್ರತಿಯೊಂದು ಕಾರಂಜಿಯ ಮುಂದೆಯೂ ನಿಂತು, ನೀರಡಿಕೆ ಇಲ್ಲದಿದ್ದರೂ, ಬೊಗಸೆಯಲ್ಲಿ ಹಿಡಿದು ಕುಡಿದೆವು.

ಪೇಟೆಯಲ್ಲಿ ಲೆಕ್ಕರ್ಲಿ ಎಂಬ ತಿನಿಸನ್ನು ಕೊಂಡೆವು. ಜೇನು, ಬಾದಾಮಿ, ಸಕ್ಕರೆಯಲ್ಲಿ ಪಾಕಗೊಳಿಸಿದ ಕಿತ್ತಳೆಯ ಸಿಪ್ಪೆ, ದಾಲ್ಚಿನ್ನಿ, ಲವಂಗ ಹಾಕಿ ಸುಟ್ಟು ಚೌಕಾಗಿ ಕತ್ತರಿಸಿದ್ದು. ಅಮೀನಗಡದ ಕರದಂಟಿನ ಜೊತೆಗೆ ಅದನ್ನು ಕುಸ್ತಿಗೆ ಬಿಟ್ಟರೆ ಯಾವದು ಗೆಲ್ಲುವದೆಂದು ಹೇಳಲಾರೆವು. ಹಲ್ಲುಗಳು ಮಾತ್ರ ಎರಡಕ್ಕೂ ಸೋಲುವವು.

ಆ ಗುರುವಾರ ಸಾಯಂಕಾಲದಿಂದ ಮನೆಯ ಮೇಜಿನ ಕ್ರಮವು ಬದಲಾಯಿತು. ಆ ಮಾತೆಯು ಪಾತ್ರೆಯನ್ನು ಮೇಜಿನ ನಡುವೆ ಇಟ್ಟು, ಸೌಟನ್ನು ನಮ್ಮ ಕಡೆಗೆ ತಿರುಗಿಸಿ, ಏನೂ ಕೇಳದೆ ಬೇರೆ ಮಾತಿಗೆ ತೊಡಗುವರು. ಯಾರೂ ಕೇಳುವದಿಲ್ಲ, ಯಾರೂ ಬೇಡವೆನ್ನುವದಿಲ್ಲ, ಬೇಕಾದವರು ಹಾಕಿಕೊಳ್ಳುವರು. ಅಂದು ಮಾಡಿದ್ದು ಬಾಸೆಲ್ಲಿನ ಹೆಸರುವಾಸಿಯಾದ ಹಿಟ್ಟಿನ ಸಾರು. ಗೋದಿಯ ಹಿಟ್ಟನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಂದುಬಣ್ಣ ಬರುವ ವರೆಗೆ ಹುರಿದು, ಉಳ್ಳಾಗಡ್ಡಿ ಹಾಕಿ, ಸಾರಿನ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ತಾಸಿಗಿಂತ ಹೆಚ್ಚು ಕುದಿಸಿ, ಮೇಲೆ ಗಿಣ್ಣನ್ನು ತುರಿದು ಹಾಕುವದು. ವರ್ಷಕ್ಕೊಮ್ಮೆ ವೇಷಗಳ ಹಬ್ಬದಲ್ಲಿ ಸೋಮವಾರ ಬೆಳಗಿನ ನಾಲ್ಕು ಗಂಟೆಗೆ ಊರಿನ ದೀಪಗಳನ್ನೆಲ್ಲ ಆರಿಸಿ ತಮಟೆ ಕೊಳಲುಗಳೊಡನೆ ಮೆರವಣಿಗೆ ಹೊರಡುವಾಗ ಚಳಿಗೆ ನಡುಗಿದ ಜನರು ಕುಡಿಯುವದು ಇದನ್ನೇ. ಈ ಸಾರು ಮಾಡಲು ಬಾರದ ಬಾಸೆಲ್ಲಿನ ಹೆಣ್ಣಿಗೆ ಮದುವೆಯಾಗದೆಂದು ಹಿಂದೆ ಹೇಳುತ್ತಿದ್ದರಂತೆ. ಹುರಿದ ಹಿಟ್ಟಿನ ಆ ವಾಸನೆಯು ನಮಗೆ ಪರದೇಶದ್ದೆಂದು ತೋರಲೇ ಇಲ್ಲ. ಬಡವರು ಎಲ್ಲಿದ್ದರೂ ಒಂದು ಹಿಡಿ ಹಿಟ್ಟನ್ನು ಒಂದು ಗಡಿಗೆ ಮಾಡುವ ವಿದ್ಯೆಯನ್ನು ಬಲ್ಲರು. ನಮ್ಮ ಜೋಳದ ಅಂಬಲಿಯೂ ಅದೇ ಶಾಲೆಯಲ್ಲಿ ಕಲಿತದ್ದು. ನಮ್ಮ ಯಜಮಾನರು ಮೂರು ಬಟ್ಟಲು ಕುಡಿದರು. ನಾವು ಎರಡು, ಲೆಕ್ಕವಿಡುವದು ನಮ್ಮ ಸ್ವಭಾವ.

ಶುಕ್ರವಾರ ಮಿಶನ್ ಮನೆಗೆ ಹೋದೆವು. 1860ರಲ್ಲಿ ಕಟ್ಟಿದ ಆ ದೊಡ್ಡ ಮನೆಯ ಮುಂದೆ ನಿಂತಾಗ ಬಾಯಿಪಾಠದ ಇಸವಿಗಳು ಒಂದೂ ನೆನಪಾಗಲಿಲ್ಲ. ಬದಲಾಗಿ ಒಂದು ವಿಚಿತ್ರವಾದ ಯೋಚನೆ ಬಂತು. ಆ ಜರ್ಮನ್ ಮತ್ತು ಸ್ವಿಸ್ ಹುಡುಗರು, ತಾಟಿನಲ್ಲಿ ಏನೂ ಬಿಡಬಾರದೆಂದು ಕಲಿತವರು, ಬೆಟಗೇರಿಯ ಯಾವದೋ ಜಗಲಿಯ ಮೇಲೆ ಮೊದಲನೆಯ ಸಾರೆ ಊಟಕ್ಕೆ ಕುಳಿತಾಗ ಎಷ್ಟು ರೊಟ್ಟಿ ತಿಂದಿದ್ದಾರು? ಅವರು ಕಳಿಸಿದ ವರದಿಗಳು ಆ ಊರಿನ ದಫ್ತರದಲ್ಲಿ ಸಾಲುಸಾಲಾಗಿ ಇವೆ. ಇಂಥದನ್ನು ಯಾರು ಬರೆದಿಟ್ಟಾರು? 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟೆಲ್ಲರು ಬಹಳ ವರ್ಷ ದುಡಿದು ಮಾಡಿದ ಕನ್ನಡ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತಷ್ಟೆ. ಅದರಲ್ಲಿ ‘ಸಾಕು’ ಎಂಬದಕ್ಕೆ ಬೇಕಾದಷ್ಟಾಯಿತೆಂಬ ಅರ್ಥವೂ ಇದೆ; ಪೋಷಿಸು, ಸಲಹು ಎಂಬ ಅರ್ಥವೂ ಇದೆ. ಇದನ್ನು ಹೇಳಿದಾಗ ನಮ್ಮ ಆತಿಥೇಯರು ಬೀದಿಯಲ್ಲಿಯೇ ನಿಂತು, “ಹಾಗಾದರೆ ನಿಮ್ಮ ತಾಯಿಯವರು ನನ್ನ ಮಾತನ್ನು ತಪ್ಪಾಗಿ ಕೇಳಿರಲಿಲ್ಲ!” ಎಂದು ಉದ್ಗರಿಸಿದರು.

ಶನಿವಾರ ಹೊರಡುವಾಗ ಅವರು ದಾರಿಗೆಂದು ರೊಟ್ಟಿ, ಗಿಣ್ಣು, ಸೇಬುಹಣ್ಣು ಕಟ್ಟಿಕೊಟ್ಟರು. ನಾವು ಒಮ್ಮೆಯೂ ಬೇಡವೆನ್ನದೆ ತೆಗೆದುಕೊಂಡೆವು.

ಜೂನಿನಲ್ಲಿ ಶಾಲೆ ತೆರೆದಾಗ ಬೋರ್ಡಿಂಗಿನ ಊಟದ ಮನೆಯಲ್ಲಿ ನೀಡುವ ಕ್ರಮವನ್ನು ಬದಲಿಸಿದೆವು. ಪಂಕ್ತಿಯ ನಡುನಡುವೆ ಆರು ಆರು ಹುಡುಗಿಯರಿಗೆ ಒಂದರಂತೆ ರೊಟ್ಟಿಯ ಬುಟ್ಟಿ, ಪಲ್ಯದ ಪಾತ್ರೆ. ಮೊದಲಿನ ವಾರ ಚೆಲ್ಲಿದ್ದು ಬಹಳ. ಎರಡನೆಯ ತಿಂಗಳಿನಿಂದ ಕಡಿಮೆಯಾಗುತ್ತ ಬಂತು. ಜೋಳದ ಖರ್ಚು ಮಾತ್ರ ಇಳಿಯಲಿಲ್ಲ. ಅಡಿಗೆಯಾಕೆಯು ಹಿಟ್ಟಿನ ಡಬ್ಬಿಯ ತಳವನ್ನು ನಮಗೆ ತೋರಿಸಿ, “ಇಷ್ಟ ದಿವಸ ಇವರೆಲ್ಲಾ ಏನ ತಿಂತಿದ್ದರ್ರಿ ಬಾಯಾರ?” ಎಂದು ಕೇಳಿದಳು. ನಾವು ಅದಕ್ಕೆ ಉತ್ತರ ಕೊಡದೆ ಇನ್ನೊಂದು ಚೀಲಕ್ಕೆ ಸಹಿ ಹಾಕಿದೆವು.

ಮುಂಡರಗಿ ತಾಲೂಕಿನ ಆ ಹಳ್ಳಿಗೆ ಕಳೆದ ಚಳಿಗಾಲದಲ್ಲಿ ಹೋಗಿ ಬಂದೆವು. ಅವಳಿಗೆ ಮದುವೆಯಾಗಿ ಇಬ್ಬರು ಮಕ್ಕಳು, ತವರಿಗೆ ಬಂದಿದ್ದಳು. ನಮ್ಮ ಗುರುತು ಹಿಡಿದು ಗಲಿಬಿಲಿಗೊಂಡಳು. ನಾವು ಹೇಳಬೇಕೆಂದು ಹೋದದ್ದನ್ನು ಅರ್ಧ ಮಾತ್ರ ಹೇಳಿದೆವು. ಅವಳು ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋಗಿ ಒಲೆ ಹಚ್ಚಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು. ಎರಡನೆಯ ರೊಟ್ಟಿಗೆ ನಾವು “ಸಾಕವ್ವಾ” ಎಂದೆವು. ಅವಳು ಮೂರನೆಯದನ್ನು ತಾಟಿಗೆ ಹಾಕಿ, “ತಿನ್ರಿ ಟೀಚರ್, ದೂರದಿಂದ ಬಂದೀರಿ” ಎಂದಳು.